ಉಸಿರೆಳೆಯುವ ಜಾಗ

ಕೀರ್ತಿಕುಮಾರ್ ಕೈ ಎತ್ತಿದ. ಎತ್ತಿದ ಕೈಯನ್ನು ಯಾರೂ ನೋಡುವುದಿಲ್ಲ ಎಂಬುದು ಅವನಿಗೆ ಎತ್ತುವ ಮೊದಲೇ ಗೊತ್ತಿತ್ತು. ಶಿರಂಗಾಲದ ಮಠದ ಹಜಾರದಲ್ಲಿ ಸೋಮವಾರದ ಬಳಗ ಎಂದಿನಂತೆ ಮೂರು ಸಾಲಾಗಿ ನಿಂತಿತ್ತು. ಶುಂಠಿ ಹೊಲದಿಂದ ಬಂದು ಕೈಕಾಲು ತೊಳೆದವರು, ಅಂಗನವಾಡಿಗೆ ಬೀಗ ಹಾಕಿ ಬಂದವರು, ಡೇರಿಗೆ ಹಾಲು ಹಾಕಿ ಅದೇ ಕ್ಯಾನು ಹಿಡಿದು ಬಂದವರು, ಎಲ್ಲರ ಹಣೆಯಲ್ಲೂ ಆಗಷ್ಟೇ ಎಳೆದ ವಿಭೂತಿ. ಅವರ ಕಣ್ಣುಗಳೆಲ್ಲ ಅವನ ಎಡ ಹೆಗಲ ಮೇಲಿಂದ ಹಾದು ಹಿಂದಕ್ಕೆ ಹೋಗುತ್ತಿದ್ದವು. ಹಿಂದೆ ಕಂಬದ ಪಕ್ಕ, ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವನ ಅವ್ವ ಗುರುಸಿದ್ದಮ್ಮ ಕೂತಿದ್ದಳು. ಸುಮ್ಮನೆ ಕೂತಿದ್ದಳು, ಪಾಪ. ಹಾಡುತ್ತಿರಲಿಲ್ಲ, ತಾಳ ಹಾಕುತ್ತಿರಲಿಲ್ಲ, ತಪ್ಪು ಹಿಡಿಯುತ್ತಲೂ ಇರಲಿಲ್ಲ. ಉಸಿರಾಡುತ್ತಿದ್ದಳು, ಅಷ್ಟೇ. ಆ ಅಷ್ಟೇ ಎಂಬುದೇ ಅವನ ಕೊರಳಿಗೆ ಸುತ್ತಿಕೊಂಡಿತ್ತು. ರೇವಣ್ಣ ಹಾರ್ಮೋನಿಯಮ್ಮಿನ ತಿದಿ ಒತ್ತಿದ. ಬಳಗ ಪದ ಎತ್ತಿತು. "ಹೊಸ್ತಿಲೊಳಗೂ ನೀನೆ" ಎಂದು ಸಲೀಸಾಗಿ ಏರಿತು, "ಹೊಸ್ತಿ" ಎಂದು ನಿಂತಿತು, ಎಲ್ಲರೂ ಒಟ್ಟಿಗೆ ಗಕ್ಕನೆ ಉಸಿರೆಳೆದುಕೊಂಡರು, ಆಮೇಲೆ "ಲಾಚೆಗೂ ನೀನೆ" ಎಂದು ಮುಂದಕ್ಕೆ ನಡೆಯಿತು. ಕೀರ್ತಿ ಕೈ ಇಳಿಸಿದ. ಹಾಡು ನಿಲ್ಲಲಿಲ್ಲ, ಚರಣ ಮುಗಿಸಿಯೇ ನಿಂತಿತು.

"ಯಾಕ್ ಮಗ, ಕೈ ಇಳಿಸ್ಬಿಟ್ಟೆ? ಚೆನ್ನಾಗೇ ಬತ್ತಿತ್ತಲ್ಲ," ಎಂದಳು ಮುಂದಿನ ಸಾಲಿನ ಸುಲೋಚನಮ್ಮ. ಅವಳದು ಬಳಗದಲ್ಲೇ ದೊಡ್ಡ ದನಿ, ಬಾಯಿಯೂ ಹಾಗೆಯೇ.

"ಹೊಸ್ತಿಲು ಅನ್ನೋದು ಒಂದೇ ಮಾತು ಸುಲೋಚನಕ್ಕ. ಮಧ್ಯದಲ್ಲಿ ಕಡಿದು ಉಸಿರು ತಗೋಬಾರ್ದು. ಸಾಲು ಪೂರ್ತಿ ಒಂದೇ ಉಸಿರಲ್ಲಿ ಬರಬೇಕು."

"ಕಡಿದ್ವಾ? ನಾವು ಕಡಿಲಿಲ್ಲವಲ್ಲೋ." ಅವಳು ಪಕ್ಕದವರ ಮುಖ ನೋಡಿದಳು. ಪಕ್ಕದಲ್ಲಿ ಕೀರ್ತಿಯ ಹೆಂಡತಿ ಸುಧಾ ನಿಂತಿದ್ದಳು. ಸುಧಾ ನೆಲ ನೋಡಿದಳು. ಅವಳೂ ಕಡಿದಿದ್ದಳು, ಕೀರ್ತಿ ಕಣ್ಣಾರೆ ನೋಡಿದ್ದ. ರಾತ್ರಿ ಅಡಿಗೆಮನೆಯಲ್ಲಿ ಒಬ್ಬಳೇ ಗುನುಗುವಾಗ ನೀಟಾಗಿ ಹೇಳುವ ಅದೇ ಹೆಂಡತಿ ಇಲ್ಲಿ ಬಂದು ನಿಂತರೆ ಅತ್ತೆಯ ಎದೆ ನೋಡಿಕೊಂಡು ಉಸಿರೆಳೆಯುತ್ತಾಳೆ. ಇನ್ನು ಊರವರನ್ನು ಏನು ಅಂದುಕೊಳ್ಳುವುದು.

ಗುರುಸಿದ್ದಮ್ಮನಿಗೆ ಉಬ್ಬಸ. ಯಾವಾಗ ಶುರುವಾಯಿತೋ ಶಿವನೇ ಬಲ್ಲ. ಕೀರ್ತಿಗೆ ನೆನಪು ಮೂಡುವ ಹೊತ್ತಿಗೇ ಇತ್ತು. ಅವಳ ಸೆರಗಿನ ಮರೆಯಲ್ಲಿ ಮಲಗಿದ ಮಗುವಿಗೆ ಕೇಳಿಸುತ್ತಿದ್ದುದು ಜೋಗುಳಕ್ಕಿಂತ ಹೆಚ್ಚಾಗಿ ಆ ಸುಂಯ್‌ಗುಡುವ ಎದೆಯೇ. ತವರಿನಿಂದ ತಂದ ಆ ಹೊಸ್ತಿಲ ಪದವನ್ನು ಅವಳು ಊರಿನ ಹೆಂಗಸರಿಗೆ ಕಲಿಸಿದಳು, ಮದುವೆ ಮನೆ, ಸಾವಿನ ಮನೆ, ಗೃಹಪ್ರವೇಶ ಅಂತ ಎಲ್ಲ ಕಡೆಗೂ ಕರೆದುಕೊಂಡು ಹೋಗಿ ಹಾಡಿಸಿದಳು. ಪದದ ಜೊತೆಗೆ ತನ್ನ ಉಬ್ಬಸವನ್ನೂ ಕಲಿಸಿದಳು. ಎಲ್ಲಿ ಅವಳ ದಮ್ಮು ತೀರುತ್ತಿತ್ತೋ ಅಲ್ಲೇ ಎಲ್ಲರ ದಮ್ಮೂ ತೀರಿತು. ಹೊಲದಲ್ಲಿ ದಿನವಿಡೀ ಬಗ್ಗಿ, ತಲೆಯ ಮೇಲೆ ಶುಂಠಿ ಮೂಟೆ ಹೊತ್ತು ಏರಿ ಹತ್ತುವ ಹೆಂಗಸರು, ಎರಡು ಸಾಲು ಒಂದೇ ಉಸಿರಿಗೆ ಹೇಳಬಲ್ಲ ಗಟ್ಟಿ ಎದೆಯವರು, ಒಬ್ಬ ರೋಗಿಷ್ಠೆಯ ಜಾಗದಲ್ಲಿ ನಿಂತು ಏದುಸಿರು ಬಿಡುತ್ತಾರೆ. ಹೋದ ವರ್ಷ ಅವಳು ಆಸ್ಪತ್ರೆ ಸೇರಿದಾಗ ಮಠದ ಬುದ್ಧಿಯವರು ಕೀರ್ತಿಯನ್ನು ಕರೆದು, ಹಾಸನದಲ್ಲಿ ಸಂಗೀತದ ಜೂನಿಯರ್ ಪಾಸು ಮಾಡಿದ್ದೀಯಲ್ಲಪ್ಪ, ನೀನೇ ನಡೆಸು ಎಂದರು. ಸೊಸೈಟಿಯಲ್ಲಿ ಗೊಬ್ಬರದ ಮೂಟೆ ತೂಗಿಸುವ ಗುಮಾಸ್ತನಿಗೆ ಆ ದಿನ ನೆಲ ಕಾಣಲಿಲ್ಲ. ಅವ್ವ ವಾಸಿಯಾಗಿ ಬಂದವಳು ತಾಳದ ಜೋಡಿಯನ್ನು ತಾನೇ ಅವನ ಕೈಗೆ ಕೊಟ್ಟಳು. ಕೊಟ್ಟು, ಮುಂದಿನ ಸೋಮವಾರ ಬಂದು ಕೆಂಪು ಕುರ್ಚಿಯಲ್ಲಿ ಕೂತಳು. ತಾಳ ಕೊಟ್ಟರೆ ಎಲ್ಲವನ್ನೂ ಕೊಟ್ಟ ಹಾಗೆ ಎಂದು ಅವಳು ತಿಳಿದಿದ್ದಳು. ಅವನೂ ಹಾಗೆಯೇ ತಿಳಿದಿದ್ದ.

"ಸರಿ, ಈ ಸಲ ಒಂದು ಉಪಾಯ ಮಾಡೋಣ," ಎಂದ ಕೀರ್ತಿ. ಮೊದಲನೇ ಸಾಲಿನವರು "ಒಳಗೂ" ಆದಮೇಲೆ ಉಸಿರು ತೆಗೆದುಕೊಳ್ಳಲಿ, ಆಗ ಹಿಂದಿನವರು ಹಾಡುತ್ತಿರಲಿ. ಹಿಂದಿನವರು ಆಮೇಲೆ ತೆಗೆದುಕೊಳ್ಳಲಿ. ಕೇಳುವವರಿಗೆ ಎಲ್ಲೂ ತುಂಡಾಗುವುದಿಲ್ಲ. ದೊಡ್ಡ ದೊಡ್ಡ ತಂಡಗಳು ಹೀಗೆಯೇ ಮಾಡುತ್ತವೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಎದೆ ಏರಿಸದೆ, ಹೊಟ್ಟೆಯಿಂದ ಉಸಿರೆಳೆಯಬೇಕು. ತಾನೇ ಕೈ ಇಟ್ಟು ತೋರಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಹೊಟ್ಟೆ ಹಿಡ್ಕೊಂಡು ನಿಂತ್ರೆ ಸ್ಪರ್ಧೇಲಿ ಮಾರ್ಕ್ ಹಾಕೋರು ಊಟ ಕೊಟ್ಟು ಕಳಿಸ್ತಾರೆ ಕಣೋ ಕೀರ್ತಿ," ಎಂದಳು ಸುಲೋಚನಮ್ಮ. ಇಡೀ ಹಜಾರ ನಕ್ಕಿತು. ರೇವಣ್ಣ ಹಾರ್ಮೋನಿಯಮ್ಮಿನ ಮೇಲೆ ಬಗ್ಗಿ ನಕ್ಕ. ಹಿಂದೆ ಕುರ್ಚಿಯಿಂದಲೂ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಹೆಂಗಸರೆಲ್ಲ ಸಾಲು ಮುರಿದು ಓಡಿದರು. ಒಬ್ಬಳು ಬೆನ್ನು ನೀವಿದಳು, ಒಬ್ಬಳು ನೀರು ತಂದಳು. ಕೀರ್ತಿ ಖಾಲಿಯಾದ ಜಾಗಕ್ಕೆ ಮುಖ ಮಾಡಿ, ಹೊಟ್ಟೆಯ ಮೇಲಿಟ್ಟ ಕೈ ತೆಗೆಯುವುದನ್ನು ಮರೆತು ನಿಂತಿದ್ದ. ಅವ್ವನಿಗೆ ಕೆಮ್ಮು ಬಂದಿದೆ, ತಿರುಗಿ ನೋಡಬೇಕು ಎಂದು ಅವನಿಗೆ ಹೊಳೆದದ್ದು ಎಲ್ಲರೂ ನೋಡಿ ಮುಗಿದ ಮೇಲೆ. ಛೀ, ಎಂಥ ಮಗ ನಾನು ಎಂದುಕೊಂಡ. ಅದರ ಬೆನ್ನಿಗೇ, ಇವಳು ಬರದೇ ಇದ್ದರೆ ಏನಾಗುತ್ತಿತ್ತು ಎಂದೂ ಅಂದುಕೊಂಡ.

ಅವನ ಮನಸ್ಸು ಹೀಗೆ ತಿರುಗಿದ್ದು ಕುಶಾಲನಗರದಿಂದ. ಹೋದ ವರ್ಷದ ಸಮೂಹ ಗಾಯನ ಸ್ಪರ್ಧೆ, ಒಂದೇ ಬಣ್ಣದ ಸೀರೆ, ಎಲ್ಲರ ಮುಡಿಗೂ ಸೇವಂತಿಗೆ, ಮುಂದಿನ ಸಾಲಿನ ಕುರ್ಚಿಯಲ್ಲಿ ಅವ್ವ. ಹಾಡು ಮುಗಿದ ಮೇಲೆ ತೀರ್ಪುಗಾರರಲ್ಲೊಬ್ಬರು ಮೈಕು ಹಿಡಿದು, ಶ್ರುತಿ ಚೆನ್ನಾಗಿದೆ, ಆದರೆ ಮಾತಿನ ನಡುವೆ ಉಸಿರು ಕಡಿಯುತ್ತೀರಲ್ಲ, ಇದನ್ನು ಯಾರು ಕಲಿಸಿದ್ದು ಎಂದು ಕೇಳಿದರು. ಕೇಳಿದ್ದಕ್ಕೆ ತಲೆ ತಗ್ಗಿಸಿ ತಿದ್ದಿಕೊಳ್ಳುತ್ತೇವೆ ಸಾರ್ ಎಂದಿದ್ದರೆ ಸಾಕಿತ್ತು. ಕೀರ್ತಿ ಮೈಕಿಗೆ ಬಾಯಿ ಇಟ್ಟು, "ನಾನಲ್ಲ ಸಾರ್, ನಮ್ ತಾಯಿ. ಅವರಿಗೆ ಉಬ್ಬಸ," ಎಂದುಬಿಟ್ಟ. ಸಭೆ ಘೊಳ್ಳೆಂದು ನಕ್ಕಿತು. ಅವ್ವ ಕೂಡ ನಕ್ಕಳು, ಸೆರಗು ಬಾಯಿಗೆ ಹಿಡಿದು, ಸುತ್ತ ಕೂತವರ ಕಡೆಗೆಲ್ಲ ತಿರುಗಿ, ಹೌದು ನಾನೇ ಎನ್ನುವ ಹಾಗೆ ನಕ್ಕಳು. ವಾಪಸು ಬರುವಾಗ ಬಸ್ಸಿನಲ್ಲಿ, "ನಿನ್ನ ಹೆಸರು ಕೆಡ್ಲಿಲ್ವಲ್ಲ ಬಿಡು," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅವನು ಅಂದಿನಿಂದ ಆ ಮಾತನ್ನು ನುಂಗಲೂ ಆರದೆ ಉಗುಳಲೂ ಆರದೆ ಓಡಾಡುತ್ತಿದ್ದ. ಈ ಸಲದ ಸ್ಪರ್ಧೆ ಇನ್ನೇನು ಬಂದೇಬಿಟ್ಟಿತ್ತು. ಅದೇ ಪದವನ್ನೇ ಹಾಡಿಸಬೇಕು, ಅದೇ ಸಾಲನ್ನು ಒಂದೇ ಉಸಿರಿನಲ್ಲಿ ದಾಟಿಸಬೇಕು. ದಾಟಿಸಿದರೆ ಹೋದ ವರ್ಷದ ಆ ನಗು ಅಳಿಸಿಹೋಗುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಬೇರೆ ಪದ ಕಲಿಸಲು ನೋಡಿದ್ದೂ ಉಂಟು. ಹಿತ್ತಲ ಗಿಡ ಮದ್ದಲ್ಲ. ಅವನು ಕಲಿತು ಬಂದು ಸ್ವರ ಹಾಕಿದ ಪದಗಳನ್ನು ಬಳಗ ಮರ್ಯಾದೆಗೆ ಹಾಡುತ್ತಿತ್ತು, ಅಭ್ಯಾಸ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ಎಲ್ಲರ ಬಾಯಲ್ಲೂ ಹೊಸ್ತಿಲ ಪದವೇ ಇರುತ್ತಿತ್ತು.

ಹಾಗಾಗಿ ಮುಂದಿನ ಸೋಮವಾರ ಅಭ್ಯಾಸ ಮಠದಲ್ಲಿಲ್ಲ, ಶಾಲೆಯ ಕೋಣೆಯಲ್ಲಿ ಎಂದು ಎಲ್ಲರಿಗೂ ಫೋನು ಮಾಡು ಎಂದು ಅವನು ಸುಧಾಳಿಗೆ ಹೇಳಿದ. ಸುಧಾ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತಲಿಲ್ಲ.

"ಅತ್ತೆಗೆ?"

"ಅವ್ವ ಅಷ್ಟು ದೂರ ನಡೆಯೋದು ಬೇಡ."

"ಮಠಕ್ಕಿಂತ ಶಾಲೆ ಹತ್ರ ಅಲ್ವೇನ್ರೀ."

ಕೀರ್ತಿ ಅಂಗಿ ಹಾಕಿಕೊಳ್ಳತೊಡಗಿದ. "ಹಂಗಾದ್ರೆ ನೀವೇ ಹೇಳಿ," ಎಂದು ಸುಧಾ ಒಂದು ಕಲ್ಲನ್ನು ಹೆಕ್ಕಿ ಕಿಟಕಿಯಾಚೆ ಎಸೆದಳು. ಹೇಳಬೇಕು ಎಂದೇ ಅವನಿದ್ದ. ಭಾನುವಾರ ಹೇಳೋಣ ಎಂದುಕೊಂಡ, ಸೋಮವಾರ ಬೆಳಿಗ್ಗೆ ಹೇಳೋಣ ಎಂದುಕೊಂಡ. ಸಂಜೆ ಸೊಸೈಟಿಯಿಂದ ಬಂದಾಗ ಅವ್ವ ಆಗಲೇ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ವಿಭೂತಿ ಇಟ್ಟು, ಇನ್ಹೇಲರನ್ನು ಕೈಚೀಲಕ್ಕೆ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಚಪ್ಪಲಿಯನ್ನು ಜೋಡಿಸಿ ಮೆಟ್ಟಿಲ ಮೇಲೆ ಇಟ್ಟುಕೊಂಡಿದ್ದಳು, ಹುಡುಕಿ ಹೊತ್ತು ಮಾಡಬಾರದು ಅಂತ.

"ಇವತ್ತು ಅಭ್ಯಾಸ ಇಲ್ಲ ಕಣವ್ವ. ರೇವಣ್ಣಂಗೆ ಜ್ವರ."

"ಅಯ್ಯೋ, ಪಾಪ. ಯಾವಾಗಿಂದ?"

"ನಿನ್ನೆಯಿಂದ." ಒಂದು ಸುಳ್ಳಿಗೆ ಕೈಕಾಲು ಮೂಡಿಸುವುದು ಎಷ್ಟು ಸಲೀಸು ಎಂದು ಅವನಿಗೆ ಗಾಬರಿಯಾಯಿತು. ಸೊಸೈಟಿಯಲ್ಲಿ ಏನೋ ಬಾಕಿ ಕೆಲಸ ಎಂದು ಗೊಣಗಿ ಹೊರಟ. ಸುಧಾ ಹಿತ್ತಲ ಬಾಗಿಲಿಂದ ಹೋಗಿದ್ದಳು. ಮನೆಯ ಸೊಸೆ ಕಳ್ಳಿಯ ಹಾಗೆ ಹಿತ್ತಲಿಂದ ಹೊರಡುವಂತೆ ಮಾಡಿದವನು ತಾನು ಎಂಬುದು ದಾರಿಯುದ್ದಕ್ಕೂ ಕಾಲಿಗೆ ತೊಡರುತ್ತಿತ್ತು. ಶಾಲೆಯಲ್ಲಿ ಸುಲೋಚನಮ್ಮ ಮೊದಲು ಕೇಳಿದ್ದೇ, "ಗುರುಸಿದ್ದಕ್ಕ ಎಲ್ಲಿ?" ಎಂದು.

"ಸುಸ್ತಂತೆ. ಮಲಗಿದ್ದಾಳೆ," ಎಂದ ಕೀರ್ತಿ.

ಆಮೇಲೆ ಕೈ ಎತ್ತಿದ. ಈಗ ಅವನ ಹಿಂದೆ ಕರಿಹಲಗೆಯೊಂದೇ ಇತ್ತು. ಹೆಂಗಸರು ಹೆಗಲ ಮೇಲಿಂದ ನೋಡಿದರು, ಕರಿಹಲಗೆ ಕಂಡಿತು, ಮತ್ತೆ ಮುಂದೆ ನೋಡಿದರು. ಬಳಗ ಪದ ಎತ್ತಿತು, ಪದ ಏರಿತು, ಆ ಜಾಗಕ್ಕೆ ಬಂತು, ಅಲ್ಲಿ ಚೆಲ್ಲಾಪಿಲ್ಲಿಯಾಯಿತು. ಒಬ್ಬಳು "ಹೊ" ಎಂದು ನಿಂತಳು, ಒಬ್ಬಳು "ಆಚೆ" ಎಂದು ನಿಂತಳು, ಇನ್ನೊಬ್ಬಳು ಉಸಿರೇ ಇಲ್ಲದೆ ಎಳೆದು ಕೆಮ್ಮಿದಳು. ರೇವಣ್ಣನ ಹಾರ್ಮೋನಿಯಂ ಮಾತ್ರ ಒಂಟಿಯಾಗಿ ಮುಂದೆ ಹೋಯಿತು. ಎಷ್ಟು ಸಲ ಮಾಡಿಸಿದರೂ ಅಷ್ಟೇ. ಅಂಗನವಾಡಿಯ ಟೀಚರಮ್ಮ ಬೆವರು ಒರೆಸಿಕೊಂಡಳು.

"ಎದುರಿಗೆ ಅಕ್ಕ ಇಲ್ದೆ ಎಲ್ ದಮ್ಮು ಎಳೀಬೇಕು ಅಂತ್ಲೇ ಗೊತ್ತಾಗಕಿಲ್ಲ ಕಣಪ್ಪ," ಎಂದಳು ಸುಲೋಚನಮ್ಮ. ಈ ಸಲ ತಮಾಷೆಗೆ ಹೇಳಿರಲಿಲ್ಲ.

"ನಾನಿಲ್ವಾ ಎದುರಿಗೆ?"

"ನೀನಿದ್ದೀಯ ಬಿಡು," ಎಂದಳು ಅವಳು, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಮಾರನೆಯ ಬೆಳಿಗ್ಗೆ ಕೀರ್ತಿ ಸೊಸೈಟಿಗೆ ಹೊರಡುತ್ತಿದ್ದಾಗ ಸುಲೋಚನಮ್ಮ ಡಬ್ಬಿಯಲ್ಲಿ ಬಿಸಿ ಗಂಜಿ ತಂದಳು. ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಗಟ್ಟಿಮುಟ್ಟಾಗಿ ಕೂತಿದ್ದಳು. ಶೂ ಲೇಸು ಕಟ್ಟುತ್ತಿದ್ದ ಕೀರ್ತಿಯ ಕೈ ನಿಂತಿತು. ಎದ್ದು ಅಡ್ಡ ಹೋಗಲೇ, ಸುಲೋಚನಕ್ಕನನ್ನು ಗೇಟಿನಲ್ಲೇ ಮಾತಾಡಿಸಿ ಕಳಿಸಲೇ ಎಂದುಕೊಳ್ಳುವಷ್ಟರಲ್ಲಿ ಅವಳು ಮೆಟ್ಟಿಲೇರಿಯಾಗಿತ್ತು.

"ಏನ್ ಗುರುಸಿದ್ದಕ್ಕ, ಎದ್ ಕೂತಿದ್ದೀಯ? ಸುಸ್ತು, ಮಲಗವ್ಳೆ ಅಂದ ಕೀರ್ತಿ. ನಿನ್ನೆ ಇಸ್ಕೂಲಲ್ಲಿ ನೀನಿಲ್ದೆ ನಮ್ ಪಾಡು ನಾಯಿಪಾಡಾಯ್ತು. ರೇವಣ್ಣ ಒಬ್ನೇ ಪೆಟ್ಟಿಗೆ ಬಾರಿಸ್ಕೊಂಡು ಹೋದ."

ಅವ್ವನ ಬೆರಳಲ್ಲಿ ಒಂದು ಅವರೆಕಾಯಿ ಅರ್ಧ ಸುಲಿದು ನಿಂತಿತ್ತು. ಅವಳು ಮಗನ ಕಡೆ ನೋಡಿದಳು. ಎಷ್ಟು ಹೊತ್ತು ನೋಡಿದಳೋ, ಕೀರ್ತಿ ಶೂ ನೋಡುತ್ತಿದ್ದ. ಆಮೇಲೆ ಅವಳು ಆ ಕಾಯಿಯನ್ನು ಪೂರ್ತಿ ಸುಲಿದು, ಕಾಳನ್ನು ಪಾತ್ರೆಗೆ ಹಾಕಿ, "ಹೂಂ ಕಣೆ ಸುಲೋಚನ. ಯಾಕೋ ನಿನ್ನೆ ಏಳಕ್ಕೇ ಆಗ್ಲಿಲ್ಲ. ಈಗ್ಲೂ ಹಂಗೇ ಐತೆ," ಎಂದಳು. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ, ಹಾಡುಹಗಲಲ್ಲಿ, ಮಂಚದ ಮೇಲೆ ಮಲಗಿ ಹೊದ್ದುಕೊಂಡಳು. ಸುಲೋಚನಮ್ಮ ಹಣೆ ಮುಟ್ಟಿ ನೋಡಿ, ಗಂಜಿ ಕುಡಿಸಿ, ಕೀರ್ತಿಗೆ ಡಾಕ್ಟರಿಗೆ ತೋರಿಸು ಎಂದು ಬುದ್ಧಿ ಹೇಳಿ ಹೋದಳು. ಅವಳು ಗೇಟು ದಾಟುವವರೆಗೂ ಕೀರ್ತಿ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅವ್ವ, ತಪ್ಪಾಯ್ತು ಎನ್ನುವ ಎರಡೇ ಮಾತು ಹೇಳಬೇಕಿತ್ತು. ಹೊದಿಕೆಯ ಒಳಗಿಂದ ಅವ್ವ ಕೇಳಿದಳು:

"ರೇವಣ್ಣಂಗೆ ಜ್ವರ ಬಿಡ್ತಾ ಮಗ?"

ಆ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನು ಜಗಳವನ್ನಾದರೂ ಆಡುತ್ತಿದ್ದ. "ಬಿಡ್ತು," ಎಂದ ಕೀರ್ತಿ, ಮತ್ತು ಸೊಸೈಟಿಗೆ ಹೋದ. ಯೂರಿಯಾ ಮೂಟೆ ಇಳಿಸುವವರ ಜೊತೆ ಸುಮ್ಮಸುಮ್ಮನೆ ಕೂಗಾಡಿದ. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರಲ್ಲ, ಹಾಗೆ.

ಅಂದಿನಿಂದ ಅವಳು ಮಂಚ ಬಿಟ್ಟು ಏಳುವುದು ಕಡಿಮೆಯಾಯಿತು. ಯಾರಾದರೂ ನೋಡಲು ಬಂದರೆ ಮಲಗಿಯೇ ಮಾತಾಡಿಸುತ್ತಿದ್ದಳು. ಮಗ ಹೇಳಿದ ಮಾತನ್ನು ಊರಿನೆದುರು ಕಾಪಾಡುವ ಕೆಲಸವನ್ನು ಅವಳು ಮೈಮೇಲೆ ತೆಗೆದುಕೊಂಡಿದ್ದಳು. ಹಾಗೆ ಮಲಗಿದ ಎದೆಯಲ್ಲಿ ಕಫ ಕಟ್ಟಿತು, ಕಟ್ಟಿದ್ದು ಇಳಿಯಲಿಲ್ಲ. ಅವಳು ನಿಜಕ್ಕೂ ಸುಸ್ತಾದದ್ದು ಯಾವ ದಿನದಿಂದ ಎಂದು ಕೀರ್ತಿಗೆ ಕೊನೆಗೂ ತಿಳಿಯಲಿಲ್ಲ. ಡಾಕ್ಟರು ಬಂದು ಸೂಜಿ ಚುಚ್ಚಿ, ವಯಸ್ಸಾಯಿತಲ್ಲ ಎಂದರು. ಮುಂದಿನ ಸೋಮವಾರ ಅವನು ಮಂಚದ ಬಳಿ ನಿಂತು, "ಬಾ ಅವ್ವ, ಕುರ್ಚಿ ಹಾಕಿಸ್ತೀನಿ, ಆಟೋದಲ್ಲಿ ಹೋಗಣ," ಎಂದ. ಅಂಗಲಾಚಿದ ಎಂದೇ ಹೇಳಬೇಕು.

"ಇವತ್ತೂ ಸುಸ್ತು ಅಂತಲೇ ಹೇಳ್ಬಿಡು," ಎಂದಳು ಅವ್ವ. ಅವನ ಕೈ ಮೇಲೆ ಕೈ ಇಟ್ಟಳು. "ಪಾಪ, ಅವಕ್ಕೂ ನಿನ್ನ ನೋಡಿ ಅಭ್ಯಾಸ ಆಗ್ಲಿ. ನಾನ್ ಕೂತ್ರೆ ನನ್ನೇ ನೋಡ್ತವೆ. ನಂಗೆ ಗೊತ್ತಾಗಕಿಲ್ವಾ."

ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಪ್ರತಿ ಸೋಮವಾರ ಬಂದು ಕೂತಿದ್ದಳು, ಏಕೆಂದರೆ ವಾರವಿಡೀ ಅವಳಿಗೆ ಬೇರೆ ಏನೂ ಇರಲಿಲ್ಲ. ಇಷ್ಟು ಸಣ್ಣ ವಿಷಯ ಕೀರ್ತಿಗೆ ಈವರೆಗೆ ಹೊಳೆದಿರಲಿಲ್ಲ. ಆ ಸೋಮವಾರ ಅವನು ಅಭ್ಯಾಸಕ್ಕೆ ಹೋಗಲಿಲ್ಲ. ಸ್ಪರ್ಧೆಗೆ ಹೆಸರು ಕೊಟ್ಟದ್ದನ್ನು ವಾಪಸು ಪಡೆಯಲೂ ಇಲ್ಲ.

ಸ್ಪರ್ಧೆ ಭಾನುವಾರವಿತ್ತು. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಳಗೆ ಹೋದ ಸುಧಾ ಹಾಗೆಯೇ ಲೋಟದೊಂದಿಗೆ ಹೊರಗೆ ಬಂದು, "ರೀ," ಎಂದಳು. ಅಷ್ಟರಲ್ಲೇ ಅವನಿಗೆ ತಿಳಿಯಿತು.

ಹೊತ್ತೇರುವಷ್ಟರಲ್ಲಿ ಅವ್ವನನ್ನು ಮೀಯಿಸಿ, ಅದೇ ಇಳಕಲ್ ಸೀರೆ ಉಡಿಸಿ, ನಡುಮನೆಯ ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದರು. ತಲೆ ವಾಲದಂತೆ ಹಣೆಗೊಂದು ಬಿಳಿ ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಬಿಗಿದಿದ್ದರು. ಮೈಯೆಲ್ಲ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎಡ ಅಂಗೈಯಲ್ಲಿ ಲಿಂಗ. ಮಲಗಿಸಿದ್ದರೆ ಸತ್ತವಳಾಗಿ ಕಾಣುತ್ತಿದ್ದಳೇನೋ. ಕೂತದ್ದರಿಂದ, ಅಭ್ಯಾಸ ನೋಡಲು ಬಂದ ಹಾಗಿತ್ತು. ತೋಟದ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದರು. ಅದು ಮುಗಿದು, ಕ್ರಿಯೆ ಮಾಡಿಸುವ ಅಯ್ಯನವರು ಬಂದು ಎಬ್ಬಿಸುವವರೆಗೂ ಪದ ನಿಲ್ಲಬಾರದು. ಬಳಗ ಬಂತು. ಅತ್ತು ಮುಗಿಸಿದ ಮುಖಗಳು ಮೂರು ಸಾಲಾಗಿ ನೆಲದ ಮೇಲೆ ಕೂತವು. ರೇವಣ್ಣ ಪೆಟ್ಟಿಗೆ ಬಿಚ್ಚಿದ.

"ಪದ ಎತ್ತು ಮಗ," ಎಂದಳು ಸುಲೋಚನಮ್ಮ. "ಅಕ್ಕನ ಪದಾನೇ ಎತ್ತು."

ಬಳಗಕ್ಕೆ ಎದುರಾಗಿ ಕೂರಬೇಕೆಂದರೆ ಅವ್ವನಿಗೆ ಬೆನ್ನು ಹಾಕಬೇಕಿತ್ತು. ಪಕ್ಕಕ್ಕೆ ಸರಿಯೋಣವೆಂದರೆ ಊರೇ ನೆರೆದಿತ್ತು, ಕಾಲಿಡಲು ಜಾಗವಿರಲಿಲ್ಲ. ಕೀರ್ತಿ ಬೆನ್ನು ಹಾಕಿ ಕೂತ. ಕೈ ಎತ್ತಿದ. ಹೆಂಗಸರ ಕಣ್ಣುಗಳು, ರೂಢಿಯಂತೆ, ಅವನ ಎಡ ಹೆಗಲ ಮೇಲಿಂದ ಹಾದು ಹಿಂದಕ್ಕೆ ಹೋದವು. ಬಳಗ ಪದ ಎತ್ತಿತು, ಅವನೂ ದನಿಗೂಡಿಸಿದ. ಪದ "ಹೊಸ್ತಿಲೊಳಗೂ ನೀನೆ" ಎಂದು ಏರಿತು. ಎಲ್ಲರೂ ಆ ಎದೆಯನ್ನೇ ನೋಡುತ್ತಿದ್ದರು, ಅದು ಏಳುವುದನ್ನು ಕಾಯುತ್ತಿದ್ದರು. ಅದು ಏಳಲಿಲ್ಲ. ಕಾಯುತ್ತ ಕಾಯುತ್ತಲೇ ಅವರು "ಹೊಸ್ತಿಲಾಚೆಗೂ ನೀನೆ" ಎಂದು, ಎಲ್ಲೂ ಕಡಿಯದೆ, ಎಳೆ ಎಳೆಯಾಗಿ, ಒಂದೇ ಉಸಿರಿನಲ್ಲಿ ಆಚೆ ದಾಟಿಬಿಟ್ಟರು. ಕುಶಾಲನಗರದ ತೀರ್ಪುಗಾರರು ಕೇಳಿದ್ದರೆ ತಲೆದೂಗಬೇಕು, ಅಷ್ಟು ಶುದ್ಧವಾಗಿತ್ತು. ಅವನು ಬೇಡಿದ್ದು ಇದನ್ನೇ. ಆ ಶುದ್ಧವಾದ ಸಾಲಿನ ನಡುವೆ, "ಹೊಸ್ತಿ" ಎಂದಲ್ಲಿ, ಒಬ್ಬರು ಗಕ್ಕನೆ ನಿಂತು ಸುಂಯ್ ಎಂದು ಉಸಿರೆಳೆದುಕೊಂಡಿದ್ದರು. ಎಳೆದವನು ತಾನೇ ಎಂದು ಕೀರ್ತಿಗೆ ತಿಳಿದದ್ದು ಸಾಲು ಮುಗಿದ ಮೇಲೆ.

ಹೆಂಗಸರಿಗೆ ಅದು ಕೇಳಿಸಿತು. ಸುಧಾ ಅವನ ಕಡೆ ನೋಡಿದಳು. ಸುಲೋಚನಮ್ಮನ ಕಣ್ಣು ಅವ್ವನ ಎದೆಯಿಂದ ಮೆಲ್ಲಗೆ ಕಿತ್ತುಕೊಂಡು, ಹೆಗಲು ದಾಟಿ ಇಳಿದು, ಅವನ ಎದೆಯ ಮೇಲೆ ಬಂದು ನಿಂತಿತು. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಅಲ್ಲಿಗೆ ಬಂದವು. ಎರಡನೆಯ ಸಲ ಪದ ಆ ಜಾಗಕ್ಕೆ ಬಂದಾಗ ಅವನು ಹಲ್ಲು ಕಚ್ಚಿ ಹಿಡಿದ, ಈ ಸಲ ನಿಲ್ಲಬಾರದು, ಏನಾದರೂ ಆಗಲಿ ನಿಲ್ಲಬಾರದು ಎಂದು ಹಿಡಿದ. ಎದೆ ಕೇಳಲಿಲ್ಲ. "ಹೊಸ್ತಿ" ಎಂದಿತು, ನಿಂತಿತು, ಉಸಿರೆಳೆದುಕೊಂಡಿತು. ಅದರ ಜೊತೆ ಇಡೀ ಬಳಗ ನಿಂತು ಒಟ್ಟಿಗೆ ಉಸಿರೆಳೆದುಕೊಂಡಿತು. ಅವರ ಮುಖದ ಮೇಲೆ ಸಮಾಧಾನ ಇಳಿಯುವುದನ್ನು ಅವನು ಕಂಡ. ತೋಟದ ಮೂಲೆಯಲ್ಲಿ ಗುದ್ದಲಿಯ ಸದ್ದು ಇನ್ನೂ ಕೇಳುತ್ತಿತ್ತು. ಪದ ಮುಗಿಯಿತು, ರೇವಣ್ಣ ತಿದಿ ಬಿಡದೆ ಮತ್ತೆ ಮೊದಲಿನಿಂದ ಹಿಡಿದ. ಕೀರ್ತಿ ಮತ್ತೆ ಕೈ ಎತ್ತಿದ. ಕೈಯನ್ನು ಯಾರೂ ನೋಡಲಿಲ್ಲ.